ಹುಟ್ಟಿದ ಊರು ಯಾವುದು?

ಉಪ್ಪಳ ಗೇಟಿನ ಹತ್ತಿರ, ಮೀನಿನ ಓಣಿಗೆ ತಿರುಗುವಲ್ಲಿ
ನನ್ನ ರಿಪೇರಿ ಅಂಗಡಿ. ಉದ್ದ ಆರಡಿ, ಅಗಲ ಒಂದು ಸ್ಟೂಲು.
ಒಡೆದ ಗಾಜು ಬದಲಿಸಲು ಬಂದವರು
ಫೋನಿನ ಬೆನ್ನಿಗೆ ಚೀಟಿ ಅಂಟಿಸಿ
ಬೀಗದ ಸಂಖ್ಯೆಯನ್ನೂ ಬರೆದು ಹೋಗುತ್ತಾರೆ.
ಮಗಳು ಹುಟ್ಟಿದ ವರ್ಷ, ಸ್ಕೂಟರಿನ ನಂಬರು,
ಹತ್ತರಲ್ಲಿ ಮೂವರದ್ದು ಒಂದು ಎರಡು ಮೂರು ನಾಲ್ಕು.
ನಾನು ಒಳಗೆ ನೋಡುವುದಿಲ್ಲ.
ನೋಡುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತು?
ಗೊತ್ತಿಲ್ಲ. ಸಾಬೀತು ಮಾಡಲು ನನಗೂ ಬರುವುದಿಲ್ಲ.
ಇಲ್ಲಿ ಸುರಕ್ಷೆ ಎಂದರೆ ಸದ್ಯಕ್ಕೆ ಇಷ್ಟೇ:
ನಾನು ಯಾರ ಮಗಳು ಎಂದು ಓಣಿಗೆಲ್ಲ ಗೊತ್ತು.

ಮೊನ್ನೆ ಪೈವಳಿಕೆಯ ಸುಂದರಿಯಕ್ಕ ಬಂದರು.
ಮೂವತ್ತೊಂದು ವರ್ಷ ಬೀಡಿ ಕಟ್ಟಿದ ಹೆಬ್ಬೆರಳು,
ಎಲೆ ಉಜ್ಜಿ ಉಜ್ಜಿ ಗೆರೆಗಳೆಲ್ಲ ಹೋಗಿ
ಈಗ ಬಸಳೆಯ ಹಾಗೆ ನುಣುಪು.
ಇನ್ನೊಮ್ಮೆ ಒತ್ತಿ, ಎನ್ನುತ್ತದೆ ಹೊಸ ಫೋನು.
ಒತ್ತಿದರು. ಸೆರಗಿಗೆ ಒರೆಸಿ ಮತ್ತೆ ಒತ್ತಿದರು.
"ಬೀಡಿ ನೋಡಿಯೇ ಇದು ಸುಂದರಿದು ಅಂತಿದ್ರು ಡಿಪ್ಪೋದಲ್ಲಿ.
ಬೆರಳೇ ಕೊಟ್ರೂ ಇದಕ್ಕೆ ಗುರ್ತ ಇಲ್ವಾ?"

ಬೆರಳು ಬೇಡ, ಉತ್ತರ ಕೊಡಿ ಎಂದಿತು:
ನೀವು ಹುಟ್ಟಿದ ಊರು ಯಾವುದು?
"ಅಯ್ಯ, ಇಷ್ಟು ಸುಲಭದ್ದಾ! ಕುಂಬಳೆ."
ಇಂಗ್ಲಿಷಿನಲ್ಲಿ ಒತ್ತಿದೆ. ತಪ್ಪು.
ಕಡೆಯ ಈ ಅಳಿಸಿ ಏ ಹಾಕಿದೆ, ಕುಂಬಳ. ತಪ್ಪು.
ರೈಲು ಸ್ಟೇಷನ್ನಿನ ಬೋರ್ಡಿನ ಹಾಗೆ
ನಡುವಿನ ಸ್ವರ ನುಂಗಿ ಕುಂಬ್ಳ. ತಪ್ಪು.
ಒಂದೇ ಅವಕಾಶ ಬಾಕಿ.
ಶಾಲೆಯ ಟೀಸಿಯಲ್ಲೊಂದು, ರೇಷನ್ ಕಾರ್ಡಲ್ಲೊಂದು,
ಮತದಾರರ ಪಟ್ಟಿಯಲ್ಲಿ ಇನ್ನೊಂದು.
"ನಾನು ಹುಟ್ಟಿದ್ದು ಒಂದೇ ಸಲ ಮಾರಾಯ್ತಿ,
ಊರು ಎಷ್ಟು ಸಲ ಹುಟ್ಟಿತೋ!"

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ.
ಊರಿಗೆಲ್ಲ ಗೊತ್ತಿರುವ ಉತ್ತರ ಬೀಗವಲ್ಲ,
ಬಾಗಿಲಿಗೆ ಬಿಡಿಸಿದ ಬೀಗದ ಚಿತ್ರ.
ಮತ್ತೆ, ಅರ್ಥವಾಗದ್ದು ಕೇಳಿಸುವುದೂ ಇಲ್ಲ ಎಂದುಕೊಳ್ಳಬಾರದು.
ಹಸೈನಾರಿಚ್ಚ ಶಾರ್ಜಾದಿಂದ ತಂದ ಮಾತಾಡುವ ಡಬ್ಬಿಗೆ
ಬ್ಯಾರಿ ಬರುವುದಿಲ್ಲವೆಂದು
ಅದರ ಮುಂದೆಯೇ ಚಿಟ್‌ಫಂಡಿನ ಜಗಳ.
ರಾತ್ರಿ ಮಾತ್ರ ಅವರ ಹೆಂಡತಿ,
ಗಿಳಿಯ ಪಂಜರಕ್ಕೆ ಹೊದಿಸುವ ಹಾಗೆ, ಅದಕ್ಕೊಂದು ಬಟ್ಟೆ ಹೊದಿಸುತ್ತಾರೆ.
ಬಟ್ಟೆ ಕಣ್ಣಿಗಾಯಿತು, ಕಿವಿಗೆ ವಯರು ಕೀಳಿ ಎಂದೆ.
"ಡಾಟರ್, ದುಡ್ಡು ಕೊಟ್ಟು ತಂದದ್ದಲ್ವಾ?" ಎಂದರು.
ಅದೇ ಕಷ್ಟ. ದುಡ್ಡು ಕೊಟ್ಟು ತಂದ ಮೇಲೆ
ಅನುಮಾನಪಡಲಿಕ್ಕೂ ನಾಚಿಕೆ.

ಖಾತೆ ತೆರೆದು ಕೊಟ್ಟದ್ದು ಅಕ್ಷಯ ಸೆಂಟರಿನ ಹುಡುಗ,
ತೆಂಕಲಿನವ. ಈಗ ಇಲ್ಲ, ಕೆಲಸ ಬಿಟ್ಟ.
"ಒಳ್ಳೆಯವ ಪಾಪ. ಊರು ಕೇಳಿದ. ನಾನು…"
ಸುಂದರಿಯಕ್ಕ ನಿಂತರು. "ನಾನು ಇಲ್ಲೇ ಅಂದೆ.
ಇಲ್ಲೇ ಮಗಾ, ದೂರ ಅಲ್ಲ, ಅಂತ."
ಐ, ಎಲ್, ಎಲ್, ಈ.
ತೆರೆಯಿತು.
ಅವನ ಭಾಷೆಯಲ್ಲಿ ಅದು ಪ್ರಶ್ನೆ: ಇಲ್ಲವೇ?
ಯಾವ ಕಿವಿಯಿಂದ ಕೇಳಿ ಬರೆದನೋ.

ಈಗಲೇ ಬದಲಿಸಿ, ನಿಜ ಮಾತ್ರ ಬರೆಯಬೇಡಿ ಎಂದೆ.
ಆಯುಷ್ಯವಿಡೀ ಪ್ರತಿ ಅರ್ಜಿಯಲ್ಲೂ
ನಿಜ ತುಂಬಿಸಿ ಬೆರಳು ಸವೆಸಿದವರು;
ಸುಳ್ಳಿಗೆ ತುಸು ಹೊತ್ತು ಹಿಡಿಯಿತು.
ಆಮೇಲೆ ಫೋನನ್ನು ಎದೆಗೆ ಎತ್ತಿಕೊಂಡು,
ನನ್ನ ಮುಖ ನೋಡಿ, ಗೋಡೆಗೆ ತಿರುಗಿ ನಿಂತರು.
ಎಷ್ಟು ಸರಿಯಾಗಿ ತಿರುಗಿದರು!
ನಾನೂ ಓಣಿಯತ್ತ ನೋಡಿದೆ. ಬೂತಾಯಿಯ ಬುಟ್ಟಿ ಇಳಿಯುತ್ತಿತ್ತು,
ಬೆಕ್ಕುಗಳು ಬಂದಿದ್ದವು.
ನೋಡಲಿಲ್ಲ, ಆಣೆ.
ಕಿವಿ ಮಾತ್ರ ತನ್ನಷ್ಟಕ್ಕೆ ಎಣಿಸಿಬಿಟ್ಟಿತು,
ಟಕ್ ಟಕ್ ಎಂದು ಬಿದ್ದ ಅಕ್ಷರಗಳನ್ನು.
ಒಂಬತ್ತು.